ಗ್ರೌಂಡ್ ಪ್ಲಮ್, ಮೂರನೇ ವರ್ಷ: ಹತ್ತೊಂಬತ್ತು ಕಾಯಿ

ಮೇ 24
ಅಂತೂ ಕಾಯಿ ಬಿಟ್ಟಿದೆ! ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಿತ್ತಲಿಗೆ ಹೋದಾಗ ಕಂಡಿದ್ದು ಒಂದೇ. ಮಂಡಿಯೂರಿ ಎಲೆ ಸರಿಸಿದರೆ ನೆಲಕ್ಕೊರಗಿ ಇನ್ನೂ ಹದಿನೆಂಟು. ನೆಲ್ಲಿಕಾಯಿಗಿಂತ ತುಸು ಚಿಕ್ಕವು, ನುಣುಪು. ಬಿಸಿಲು ಬಿದ್ದ ಮಗ್ಗುಲು ಕೆಂಪು, ಮಣ್ಣಿಗೆ ತಾಗಿದ್ದು ಎಳೆ ಹಸಿರು. ಹೆಸರಿಗಷ್ಟೇ ಪ್ಲಮ್, ನಿಜಕ್ಕೂ ಅದು ಅವರೆ, ಬಟಾಣಿ ವಂಶದ ಗಿಡದ ಕೋಡು.

ಈ ಹುಚ್ಚು ಹತ್ತಿದ್ದು ಲೋಯೆಸ್ ಗುಡ್ಡಗಳಲ್ಲಿ. ನಾವಿರುವ ಅಮೆರಿಕದ ಒಮಾಹಾದಿಂದ ಮಿಸೌರಿ ನದಿ ದಾಟಿದರೆ ಅಯೋವಾ. ಅಲ್ಲೇ ಗಾಳಿ ತಂದು ಪೇರಿಸಿದ, ಹಿಟ್ಟಿನಂಥ ಮಣ್ಣಿನ ಗುಡ್ಡಗಳು. ನೀರು ನಿಲ್ಲದ ಆ ಒಣ ನೆತ್ತಿಯ ಮೇಲೆ ಚಾಪೆ ಹಾಸಿದ ಹಾಗೆ ಹಬ್ಬಿಕೊಂಡಿತ್ತು ಅಸ್ಟ್ರಾಗಲಸ್ ಕ್ರಾಸಿಕಾರ್ಪಸ್, ಅಂದರೆ ಇದೇ ಗ್ರೌಂಡ್ ಪ್ಲಮ್. ಕೆನಡಾದ ಹುಲ್ಲುಗಾವಲಿನಿಂದ ಟೆಕ್ಸಾಸ್‌ವರೆಗೆ ಇದರ ಸಂಸಾರ. ನಮ್ಮ ಹಿತ್ತಲ ದಕ್ಷಿಣದ ಇಳಿಜಾರಿನಲ್ಲಿ ಎಷ್ಟು ನೀರು ಹೊಯ್ದರೂ ಹುಲ್ಲು ಸುಟ್ಟು ಹೋಗುತ್ತಿತ್ತು. ಆ ಜಾಗಕ್ಕೆ ಇದೇ ಸರಿ ಅನಿಸಿತು.

ಮೊದಲ ವರ್ಷ ಬೀಜವನ್ನು ಹಾಗೇ ಬಿತ್ತಿದ್ದೆ. ಇಪ್ಪತ್ತರಲ್ಲಿ ಮೊಳೆತದ್ದು ಒಂದು. ಸಿಪ್ಪೆ ಅಷ್ಟು ಗಟ್ಟಿ, ನೀರೇ ಒಳಗೆ ಇಳಿಯುವುದಿಲ್ಲ. ಎರಡನೇ ಸಲ ಎರಡು ಮರಳುಕಾಗದದ ನಡುವೆ ಹೊಳಪು ಹೋಗುವವರೆಗೆ ಉಜ್ಜಿ, ಒದ್ದೆ ಮರಳಲ್ಲಿ ಕಲಸಿ, ಒಂದು ತಿಂಗಳು ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಪಕ್ಕ ಇಟ್ಟೆ. (ಈ ವಿಷಯವಾಗಿ ಮನೆಯಲ್ಲಿ ಆದ ಮಾತುಕತೆ ಇಲ್ಲಿ ಬೇಡ.) ಬಿತ್ತುವಾಗ ರೈಜೋಬಿಯಂ (ಅವರೆ ವಂಶದ ಬೇರಿಗೆ ಸಾರಜನಕ ಒದಗಿಸುವ ಬ್ಯಾಕ್ಟೀರಿಯಾ) ಪುಡಿಯನ್ನೂ ಸವರಿದ್ದೆ. ಹನ್ನೊಂದು ಮೊಳೆತವು.

ನಾಲ್ಕು ಸತ್ತದ್ದು ನನ್ನಿಂದಲೇ. ಮೇಲೆ ಎರಡು ಇಂಚಿನ ಸಸಿ, ಇನ್ನೂ ಪುಟ್ಟದು ಅಂದುಕೊಂಡು ಕುಂಡದಲ್ಲೇ ಬಿಟ್ಟಿದ್ದೆ. ಎತ್ತಿ ನೋಡಿದರೆ ತಾಯಿಬೇರು ತಳದ ತೂತಿನಿಂದ ಹೊರಬಂದು ಸುತ್ತಿಕೊಂಡಿದೆ. ಬಿಡಿಸಲು ಹೋದೆ, ಮುರಿಯಿತು. ಬೇರು ತುಂಡಾದ ಒಂದೂ ಚೇತರಿಸಿಕೊಳ್ಳಲಿಲ್ಲ. ಉಳಿದ ಏಳನ್ನು ಇಳಿಜಾರಿಗೆ ಇಳಿಸಿದೆ. ಕಳೆದ ವರ್ಷ ಮೊಲ ಚಿಗುರನ್ನೆಲ್ಲ ನೆಲದ ಮಟ್ಟಕ್ಕೆ ಮೇಯ್ದಾಗ ಕಥೆ ಮುಗಿಯಿತು ಅಂದುಕೊಂಡಿದ್ದೆ. ಬೇರಿನಿಂದ ಮತ್ತೆ ಚಿಗುರಿತು. ತಂತಿಬಲೆ ಕಟ್ಟಿದ್ದು ಆಮೇಲೆ. ನೀರು, ಗೊಬ್ಬರ ಎರಡೂ ಕೊಟ್ಟಿಲ್ಲ.

ಮೇ 25
ಒಂದನ್ನು ಕೊಯ್ದು ಅಡ್ಡ ಸೀಳಿದೆ. ದಪ್ಪ, ರಸಭರಿತ ಗೋಡೆ. ನಡುವೆ ಎರಡು ಕೋಣೆ, ಬೀಜ ಇನ್ನೂ ಎಳೆಯದು. ಕಚ್ಚಿದರೆ ಕರುಕುರು, ಎಳೆ ಬಟಾಣಿಯ ರುಚಿ, ಕೊನೆಗೆ ಸ್ವಲ್ಪ ಹುಲ್ಲಿನ ವಾಸನೆ. ಇಲ್ಲಿನ ಮೂಲನಿವಾಸಿಗಳೂ ಆಮೇಲೆ ಬಂದ ವಲಸಿಗರೂ ಇದನ್ನು ಹಸಿಯಾಗಿ, ಬೇಯಿಸಿ, ಉಪ್ಪಿನಕಾಯಿ ಹಾಕಿ ತಿನ್ನುತ್ತಿದ್ದರು. ಬೆಳೆದು ಒಣಗಿದ ಮೇಲೆ ಬೆಂಡಿನ ಹಾಗೆ, ಪ್ರಯೋಜನವಿಲ್ಲ.

ಆದರೆ ಗುಡ್ಡದಲ್ಲಿ ಕಂಡದ್ದನ್ನು ಕಿತ್ತು ಬಾಯಿಗೆ ಹಾಕಬೇಡಿ. ಇದು ಸೇರಿದ ಮಿಲ್ಕ್‌ವೆಚ್ (ಅಸ್ಟ್ರಾಗಲಸ್) ಕುಲದಲ್ಲಿ ಸುಮಾರು 3,000 ಜಾತಿಗಳಿವೆ. ಅದರಲ್ಲಿ ಲೋಕೋವೀಡ್ ಎನ್ನುವವನ್ನು ಮೇಯ್ದ ದನ, ಕುದುರೆಗಳು ಹುಚ್ಚು ಹಿಡಿದಂತೆ ತೂರಾಡುತ್ತವೆ. ಗಿಡದೊಳಗೆ ಬೆಳೆಯುವ ಶಿಲೀಂಧ್ರ ತಯಾರಿಸುವ ಸ್ವೈನ್ಸೊನೈನ್ ಎಂಬ ವಿಷ ಅದಕ್ಕೆ ಕಾರಣ. ಮಣ್ಣಿನ ಸೆಲೆನಿಯಂ (ಹೆಚ್ಚಾದರೆ ವಿಷವಾಗುವ ಧಾತು) ಹೀರಿ ಕೂಡಿಡುವ ಜಾತಿಗಳೂ ಇವೆ. ನನ್ನದು ಗೊತ್ತಿರುವ ಬೀಜದಿಂದ ಬಂದದ್ದು, ಅದಕ್ಕೇ ಧೈರ್ಯ.

ಸಾಗರದಲ್ಲಿರುವ ಅಮ್ಮನಿಗೆ ವಿಡಿಯೋ ಕಾಲಿನಲ್ಲಿ ತೋರಿಸಿದೆ.
“ಮಿಡಿ ಇದ್ದಂಗೇ ಇದ್ಯಲ್ಲೋ. ಸೊನೆ ಬರ್ತದಾ?”
“ಇಲ್ಲಮ್ಮ, ಇದು ಅವರೆ ಜಾತಿ.”
“ಸೊನೆ ಇಲ್ದೆ ಅದೆಂಥ ಮಿಡಿಯೋ ಮಾರಾಯ! ಉಪ್ಪು ಮಾತ್ರ ಕಮ್ಮಿ ಮಾಡ್ಬೇಡ.”

ಬೀಜಕ್ಕೆಂದು ಮೂರು ಗಿಡದಲ್ಲೇ ಬಿಟ್ಟು, ಹದಿನೈದನ್ನು ತೊಳೆದು, ಒರೆಸಿ, ಕಲ್ಲುಪ್ಪಿನ ಜೊತೆ ಪದರ ಪದರವಾಗಿ ಬಾಟಲಿಗೆ ತುಂಬಿದೆ.

ಜೂನ್ 8
ಮಾವಿನ ಮಿಡಿಯ ಹಾಗೆ ಸುಕ್ಕಾಗಿಲ್ಲ, ಬರೀ ಮೆತ್ತಗಾಗಿ ಕಂದು ತಿರುಗಿವೆ. ಉಪ್ಪುನೀರನ್ನು ಕುದಿಸಿ ಆರಿಸಿ, ಒಣಮೆಣಸು, ಸಾಸಿವೆ, ಅರಿಶಿನ ಅರೆದು ಬೆರೆಸಿದೆ. ಪರಿಮಳ ಎಲ್ಲ ಸಾಸಿವೆಯದ್ದೇ. ಹುಳಿಯೇ ಇಲ್ಲದ್ದು ದೊಡ್ಡ ಕೊರತೆ. ಮುಂದಿನ ಸಲ ನಿಂಬೆರಸ. ಆದರೂ ಮೊಸರನ್ನಕ್ಕೆ ನಂಚಿಕೊಂಡಾಗ ಒಂದೇ ಊಟಕ್ಕೆ ನಾಲ್ಕು ಖರ್ಚಾದವು.

ಜೂನ್ 10
ಬೀಜಕ್ಕೆ ಬಿಟ್ಟ ಮೂರರಲ್ಲಿ ಎರಡು ಮಾಯ. ಕಲ್ಲುಗುಡ್ಡೆಯ ಸಂದಿನಲ್ಲಿ ಹಲ್ಲಿನ ಗುರುತಿದ್ದ ಅರ್ಧ ಕಾಯಿ ಸಿಕ್ಕಿತು. ಮೊಲಕ್ಕೆಂದು ಕಟ್ಟಿದ ಬಲೆಯಲ್ಲಿ ಇಲಿ ಆರಾಮಾಗಿ ನುಸುಳುತ್ತದೆ. ಉಳಿದ ಒಂದಕ್ಕೆ ಟೀ ಸೋಸುವ ಜರಡಿಯನ್ನು ಬೋರಲು ಹಾಕಿ ಕಲ್ಲು ಹೇರಿ ಬಂದಿದ್ದೇನೆ. ಜರಡಿ ಎಲ್ಲಿ ಅಂತ ಇನ್ನೂ ಯಾರೂ ಕೇಳಿಲ್ಲ.