ಡ್ಯಾಪರ್ ಡ್ಯಾನ್ ಮಾಡಿದ್ದು ಡುಪ್ಲಿಕೇಟ್ ಅಲ್ವಾ?

ನನ್ನ ಟೈಲರಿಂಗ್ ಅಂಗಡಿಯ ಗೋಡೆ ಮೇಲೆ ಒಂದು ಫೋಟೋ ಇದೆ. ನೀಟಾಗಿ ಸೂಟು ತೊಟ್ಟ ಒಬ್ಬ ಹಿರಿಯರು. ಅಳತೆ ಕೊಡಲು ಬಂದವರು ಯಾರಿದು ಅಂತ ಕೇಳುತ್ತಾರೆ. ನ್ಯೂಯಾರ್ಕಿನಲ್ಲಿ ಕಪ್ಪು ಜನರ ಬಡಾವಣೆ ಹಾರ್ಲೆಮ್‌ನ ಡ್ಯಾಪರ್ ಡ್ಯಾನ್, ಗೂಚಿ, ಲೂಯಿ ವಿಟಾನ್ ಅನ್ನೋ ದುಬಾರಿ ಕಂಪನಿಗಳ ಲೋಗೋಗಳನ್ನು ಚರ್ಮದ ಮೇಲೆ ಪ್ರಿಂಟ್ ಹಾಕಿ ಜಾಕೆಟ್ ಹೊಲಿದವರು ಅಂತ ಹೇಳುತ್ತೇನೆ. ಮುಂದಿನ ಪ್ರಶ್ನೆ ಗ್ಯಾರಂಟಿ: "ಅಂದ್ರೆ ಡುಪ್ಲಿಕೇಟ್ ಮಾಡ್ತಿದ್ರು ಅಲ್ವಾ ಮೇಡಂ?"

ಇಷ್ಟು ದಿನ ಸುಮ್ನೆ ನಕ್ಕು ಟೇಪು ಹಿಡಿಯುತ್ತಿದ್ದೆ. ಈಗ ಬರೆದೇ ಬಿಡುತ್ತೇನೆ.

ಡುಪ್ಲಿಕೇಟ್ ಅನ್ನಬೇಕಾದರೆ ಎಲ್ಲೋ ಒಂದು ಒರಿಜಿನಲ್ ಇರಬೇಕು. ಅದನ್ನು ನೋಡಿ ಅದರ ಹಾಗೇ ಮಾಡಿ ದಾಟಿಸಿದರೆ ಅದು ನಮ್ಮವರು ಹೇಳುವ 'ಫಸ್ಟ್ ಕಾಪಿ'. ಡ್ಯಾನ್ ಹೊಲಿದ ಜಾಕೆಟ್ಟಿಗೆ ಒರಿಜಿನಲ್ಲೇ ಇರಲಿಲ್ಲ! ಆಗ ಲೂಯಿ ವಿಟಾನ್ ಮಾಡುತ್ತಿದ್ದದ್ದು ಬ್ಯಾಗು, ಪೆಟ್ಟಿಗೆ. ಅವರು ಬಟ್ಟೆಗೆ ಕೈ ಹಾಕಿದ್ದು 1990ರ ದಶಕದ ಕೊನೆಗೆ. ಡ್ಯಾನ್ ಅಂಗಡಿ ತೆರೆದದ್ದು 1982ರಲ್ಲಿ, 125ನೇ ಬೀದಿಯಲ್ಲಿ. ಇಪ್ಪತ್ತನಾಲ್ಕು ಗಂಟೆಯೂ ಬಾಗಿಲು ತೆಗೆದೇ ಇರುತ್ತಿತ್ತು. ಒಳಗೆ ಸೆನೆಗಲ್‌ನಿಂದ ಬಂದ ಟೈಲರ್‌ಗಳು. ಹೊರಗೆ ರ‍್ಯಾಪ್ ಹಾಡುಗಾರರು, ಬಾಕ್ಸರ್‌ಗಳು, ಜೂಜುಕೋರರು.

ಚರ್ಮದ ಮೇಲೆ ಪ್ರಿಂಟ್ ಹಾಕೋದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಒಂದು ಸಲ ನಾನೂ ಪ್ರಯತ್ನಿಸಿದ್ದೆ. ಮೇಜಿನ ಮೇಲೆ ಹಾಸಿದಾಗ ಚೆಂದ ಕಂಡಿತು. ತೋಳು ಹೊಲಿದು ಹಾಕಿಕೊಂಡು ಕೈ ಮಡಿಸಿದೆ ನೋಡಿ, ಮೊಣಕೈ ಹತ್ತಿರ ಬಣ್ಣ ಬಿರುಕು ಬಿಟ್ಟು ಉದುರಿತು. ಚೆಕ್ಸ್ ಬಟ್ಟೆ ಹೊಲಿಯುವಾಗ ಗೆರೆಗೆ ಗೆರೆ ಕೂಡಿಸುವ ಹಾಗೆ ಇಲ್ಲೂ ಲೋಗೋಗೆ ಲೋಗೋ ಕೂಡಿಸಬೇಕು. ಅದರಲ್ಲೂ ಚರ್ಮದ ಮೇಲೆ ಸೂಜಿ ಹೋದ ತೂತು ತೂತೇ, ಬಿಚ್ಚಿ ಮತ್ತೆ ಹೊಲಿಯೋ ಮಾತೇ ಇಲ್ಲ. ಡ್ಯಾನ್ ಇದನ್ನು ಯಾವ ಕಾಲೇಜಲ್ಲೂ ಕಲಿಯಲಿಲ್ಲ. ತಾವೇ ಮಾಡಿ ಮಾಡಿ ಕಲಿತರು.

ಹಾರ್ಲೆಮ್‌ಗೆ ಷೋಕಿ ಕಲಿಸಿದ್ದು ಡ್ಯಾನ್ ಅಂತಲೂ ಅಂದುಕೊಳ್ಳಬೇಡಿ. 1932ರಲ್ಲಿ ಅಲ್ಲೇ ಜೇಮ್ಸ್ ವ್ಯಾನ್ ಡರ್ ಝೀ ತೆಗೆದ ಫೋಟೋ ಒಂದಿದೆ. ಕ್ಯಾಡಿಲಾಕ್ ಕಾರಿನ ಜೊತೆ ಉದ್ದನೆಯ ತುಪ್ಪಳದ ಕೋಟು ತೊಟ್ಟ ಗಂಡು, ಹೆಣ್ಣು. ದೇಶವಿಡೀ ಕೆಲಸವಿಲ್ಲದೆ ಒದ್ದಾಡುತ್ತಿದ್ದ ವರ್ಷ ಅದು. 1962ರಲ್ಲಿ ಹಾರ್ಲೆಮ್‌ನಲ್ಲೇ ಗ್ರಾಂಡಾಸಾ ಮಾಡೆಲ್‌ಗಳು ಅನ್ನೋ ಕಪ್ಪು ಹೆಣ್ಣುಮಕ್ಕಳು ಗುಂಗುರು ಕೂದಲನ್ನು ನೆಟ್ಟಗೆ ಮಾಡಿಸದೆ, ಇದ್ದ ಹಾಗೇ ಬಿಟ್ಟುಕೊಂಡು ವೇದಿಕೆ ಹತ್ತಿದರು. ಲೋಯಿಸ್ ಅಲೆಕ್ಸಾಂಡರ್ ಲೇನ್ 1966ರಲ್ಲಿ ಅಲ್ಲಿ ಫ್ಯಾಷನ್ ಶಾಲೆ ತೆರೆದರು, 1979ರಲ್ಲಿ ಕಪ್ಪು ಜನ ಹೊಲಿದ ಬಟ್ಟೆಗಳಿಗೇ ಒಂದು ಮ್ಯೂಸಿಯಂ ಮಾಡಿದರು. ನನ್ನನ್ನು ಕೇಳಿದರೆ ಡ್ಯಾನ್‌ಗಿಂತ ದೊಡ್ಡ ಕೆಲಸ ಈಕೆಯದು. ಫೋಟೋ ಹಾಕದೇ ಇದ್ದದ್ದು ನನ್ನ ತಪ್ಪು.

ಹಾಗಂತ ಲೋಗೋ ಡ್ಯಾನ್ ಅವರ ಅಪ್ಪನದಲ್ಲ, ಅದೂ ನಿಜ. ಕಾನೂನಿನ ಕಣ್ಣಲ್ಲಿ ತಪ್ಪೇ. 1988ರಲ್ಲಿ ಅಂಗಡಿ ಎದುರು ಬೆಳಗಿನ ಜಾವ ಮೈಕ್ ಟೈಸನ್ ಇನ್ನೊಬ್ಬ ಬಾಕ್ಸರ್ ಮಿಚ್ ಗ್ರೀನ್ ಜೊತೆ ಹೊಡೆದಾಡಿ ಕೈ ಮುರಿದುಕೊಂಡರು. ಪೇಪರಿನಲ್ಲಿ ಬಂತು. ಇಷ್ಟು ಹೊತ್ತಲ್ಲಿ ಟೈಸನ್‌ಗೆ ಬಟ್ಟೆ ಅಂಗಡಿಯಲ್ಲೇನು ಕೆಲಸ ಅಂತ ಎಲ್ಲರ ಕಣ್ಣೂ ಅಲ್ಲಿಗೆ ಬಿತ್ತು, ಕಂಪನಿಗಳದ್ದೂ ಕೂಡ. ಕೇಸು, ರೇಡು, ಮಾಲು ಜಪ್ತಿ. ಅಂಥದ್ದೇ ಇನ್ನೊಂದು ಕಂಪನಿ ಫೆಂಡಿಯ ಪರ ವಕೀಲರಲ್ಲಿ ಸೋನಿಯಾ ಸೊಟೊಮಯೊರ್ ಇದ್ದರು, ಮುಂದೆ ಅಮೆರಿಕದ ಸುಪ್ರೀಂ ಕೋರ್ಟ್ ನ್ಯಾಯಾಧೀಶೆಯಾದವರು. 1992ರಲ್ಲಿ ಅಂಗಡಿ ಮುಚ್ಚಿತು.

ಇನ್ನು 2017ಕ್ಕೆ ಬನ್ನಿ. ಗೂಚಿ ಒಂದು ಜಾಕೆಟ್ ತೋರಿಸಿತು. ಮೈಗೆ ತುಪ್ಪಳ, ಬಲೂನಿನ ಹಾಗೆ ಉಬ್ಬಿದ ತೋಳು, ತೋಳಿನ ತುಂಬ ಲೋಗೋ. ಡ್ಯಾನ್ 1980ರ ದಶಕದ ಕೊನೆಯಲ್ಲಿ ಓಟಗಾರ್ತಿ ಡಯಾನ್ ಡಿಕ್ಸನ್‌ಗೆ ಹೊಲಿದುಕೊಟ್ಟ ಜಾಕೆಟ್ಟೇ ಇದು! ಅದರ ಮೇಲೆ ಲೂಯಿ ವಿಟಾನ್ ಗುರುತಿತ್ತು, ಇದರ ಮೇಲೆ ಗೂಚಿಯದು, ಅಷ್ಟೇ ವ್ಯತ್ಯಾಸ. ಡಿಕ್ಸನ್ ತಮ್ಮ ಹಳೇ ಫೋಟೋ ಹಾಕಿದರು. ಜನ ಗೂಚಿಯನ್ನು ತರಾಟೆಗೆ ತೆಗೆದುಕೊಂಡರು. ಗೂಚಿ ಅದನ್ನು 'ಗೌರವಾರ್ಪಣೆ' ಅಂದಿತು. ನೋಡಿ, ಬಡವ ಮಾಡಿದರೆ ಡುಪ್ಲಿಕೇಟ್, ಕಂಪನಿ ಮಾಡಿದರೆ ಗೌರವಾರ್ಪಣೆ. ಕೊನೆಗೆ ರಾಜಿಯಾಯಿತು. 2018ರಲ್ಲಿ ಗೂಚಿ ಜೊತೆಯಲ್ಲೇ ಡ್ಯಾನ್ ಹಾರ್ಲೆಮ್‌ನಲ್ಲಿ ಮತ್ತೆ ಅಂಗಡಿ ಇಟ್ಟರು. ಗೂಚಿಯದೇ ಬಟ್ಟೆ, ಗೂಚಿಯದೇ ಲೋಗೋ, ಈ ಸಲ ಪರ್ಮಿಷನ್ ಸಮೇತ.

ಇಷ್ಟೆಲ್ಲ ಹೇಳಿ ಮುಗಿಸಿದ ಮೇಲೆ ಇನ್ನೊಂದು ಪ್ರಶ್ನೆ ಬರುತ್ತದೆ: "ಹಂಗಾದ್ರೆ ಅಂಥ ಜಾಕೆಟ್ ನನಗೂ ಒಂದು ಹೊಲ್ಕೊಡ್ತೀರಾ ಮೇಡಂ?" ಧಾರಾಳವಾಗಿ, ಆದರೆ ಲೋಗೋ ಇರಲ್ಲ ಅನ್ನುತ್ತೇನೆ. ಇಲ್ಲಿವರೆಗೆ ಒಬ್ಬರೂ ಅಡ್ವಾನ್ಸ್ ಕೊಟ್ಟಿಲ್ಲ.