ಅಡುಗೆಗೂ ಗಣಿತ ಬೇಕಾ ಅಂತ ಕೇಳುವವರಿಗೆ

ಡಬ್ಬಿಯಲ್ಲಿ ಮುಚ್ಚಿ ಮಾರುವ ಆಹಾರವನ್ನು ಎಷ್ಟು ಬಿಸಿಯಲ್ಲಿ, ಎಷ್ಟು ಹೊತ್ತು ಬೇಯಿಸಬೇಕು ಅಂತ ಗಣಿತದ ಮಾದರಿ ಕಟ್ಟಿ ಲೆಕ್ಕ ಹಾಕುವುದು ನನ್ನ ಕೆಲಸ. ಹೇಳಿದ ತಕ್ಷಣ ಬರುವ ಪ್ರಶ್ನೆ ಒಂದೇ: "ಅಡುಗೆಗೂ ಗಣಿತ ಬೇಕಾ?" ನಗುತ್ತಲೇ ಕೇಳುತ್ತಾರೆ. ಮೊದಮೊದಲು ನಾನೂ ನಗುತ್ತಿದ್ದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಪ್ರಶ್ನೆಗಿಂತ ಅದರ ಬಾಲವೇ ನನಗೆ ಕಿರಿಕಿರಿ. ಒಮ್ಮೆ ಊಟಕ್ಕೆ ಕೂತಾಗ ನೆಂಟರೊಬ್ಬರು, "ನಮ್ಮಜ್ಜಿ ಯಾವ ಸಮೀಕರಣ ಕಲಿತಿದ್ರು? ಕೈಯಳತೆ, ಕಣ್ಣಳತೆ, ಅಷ್ಟೇ" ಅಂದರು. ಸುತ್ತ ಕೂತವರೆಲ್ಲ ತಲೆಯಾಡಿಸಿದರು. ಸರಿ ಸ್ವಾಮಿ. ಅಜ್ಜಿ ಮಾಡಿದ್ದನ್ನು ಅವತ್ತೇ ಉಂಡಿರಿ. ಉಪ್ಪು ಕಡಿಮೆಯಾದರೆ ಅಲ್ಲೇ ಹೇಳಿದಿರಿ. ಹಳಸಿದರೆ ಮೂಗು ಹೇಳಿತು. ನನ್ನ ಡಬ್ಬಿ ವರ್ಷಗಟ್ಟಲೆ ಕಪಾಟಿನಲ್ಲಿ ಕೂತು, ನಾನು ಮುಖವೇ ನೋಡದ ಯಾರದೋ ತಟ್ಟೆಗೆ ಹೋಗುತ್ತದೆ. ಅಜ್ಜಿಯನ್ನು ಇದರ ನಡುವೆ ಎಳೆದು ತರಬೇಡಿ, ದಯವಿಟ್ಟು.

ನನಗೆ ಭಯ ಇರುವುದು ಕ್ಲಾಸ್ಟ್ರಿಡಿಯಂ ಬಾಟುಲಿನಮ್ ಎಂಬ ಬ್ಯಾಕ್ಟೀರಿಯಾದ್ದು. ಗಾಳಿಯಿಲ್ಲದ, ಹುಳಿ ಕಡಿಮೆ ಇರುವ ಡಬ್ಬಿ ಅಂದರೆ ಅದಕ್ಕೆ ತವರುಮನೆ. ಬಿಸಿ ತಡೆದು ಬೀಜದ ಹಾಗೆ ಮಲಗಿರುವ ಅದರ ಸ್ಪೋರ್‌ಗಳು ಕುದಿಯುವ ನೀರಿಗೆ ಸುಲಭಕ್ಕೆ ಬಗ್ಗುವುದಿಲ್ಲ. ಅದು ಬಿಡುವ ವಿಷ ವಾಸನೆಯಿಂದಲೋ ರುಚಿಯಿಂದಲೋ ಗೊತ್ತಾಗುತ್ತದೆ ಅಂತ ನಂಬುವ ಹಾಗಿಲ್ಲ. ಹಾಗಾದರೆ ಪ್ರತಿ ಡಬ್ಬಿಯನ್ನೂ ಪರೀಕ್ಷೆ ಮಾಡೋಣವಾ? ಪರೀಕ್ಷೆಗೆ ತೆರೆಯಬೇಕು. ತೆರೆದದ್ದನ್ನು ಮಾರುವಂತಿಲ್ಲ.

ಅದಕ್ಕೇ ಲೆಕ್ಕ. 121.1 ಡಿಗ್ರಿ ಸೆಲ್ಸಿಯಸ್‌ನಲ್ಲಿ 0.21 ನಿಮಿಷ ಇಟ್ಟರೆ ಈ ಸ್ಪೋರ್‌ಗಳಲ್ಲಿ ಹತ್ತಕ್ಕೆ ಒಂಬತ್ತು ಸಾಯುತ್ತವೆ. ಇನ್ನೊಂದು 0.21 ನಿಮಿಷಕ್ಕೆ, ಉಳಿದದ್ದರಲ್ಲಿ ಮತ್ತೆ ಹತ್ತಕ್ಕೆ ಒಂಬತ್ತು. ಹೀಗೆ 12 ಸಲ, ಅಂದರೆ ಒಟ್ಟು ಸುಮಾರು ಎರಡೂವರೆ ನಿಮಿಷ, ಆಗಬೇಕು ಅನ್ನುವುದು ಈ ಉದ್ಯಮದ ಹಳೇ ಕಟ್ಟಳೆ. ಡಬ್ಬಿಗೊಂದು ಸ್ಪೋರ್ ಇತ್ತು ಅಂದುಕೊಂಡರೂ ಲಕ್ಷ ಕೋಟಿ ಡಬ್ಬಿಗಳಲ್ಲಿ ಒಂದರಲ್ಲಿ ಉಳಿದೀತು. ಅಷ್ಟು ಡಬ್ಬಿ ತೆರೆದು ಎಣಿಸುವವರು ಯಾರು?

"ಸುಮ್ನೆ ಜಾಸ್ತಿ ಹೊತ್ತು ಕುದಿಸಿದ್ರೆ ಆಗಲ್ವಾ?" ಇದು ಎರಡನೇ ಪ್ರಶ್ನೆ. ಆಗುತ್ತೆ. ಬಿಸಿ 10 ಡಿಗ್ರಿ ಇಳಿದರೆ ಬೇಕಾಗುವ ಹೊತ್ತು ಹತ್ತು ಪಟ್ಟಾಗುತ್ತದೆ. 121ರಲ್ಲಿ ಎರಡೂವರೆ ನಿಮಿಷಕ್ಕೆ ಮುಗಿಯುವ ಕೆಲಸ 100ರಲ್ಲಿ ಐದು ಗಂಟೆ ದಾಟುತ್ತದೆ. ಅಷ್ಟು ಬೆಂದ ಮೇಲೆ ಒಳಗೆ ಏನಿತ್ತು ಅಂತ ಲೇಬಲ್ ನೋಡಿಯೇ ತಿಳಿಯಬೇಕು.

ಯಾರೂ ಕೇಳದ ಪ್ರಶ್ನೆಯೊಂದಿದೆ: ನಿಮ್ಮ ಲೆಕ್ಕ ಎಲ್ಲಿ ಕೈಕೊಡುತ್ತದೆ? ಇದನ್ನು ಕೇಳಿ ನೋಡಿ, ಕೂರಿಸಿಕೊಂಡು ಹೇಳುತ್ತೇನೆ.

ಆ ಎರಡೂವರೆ ನಿಮಿಷ ಡಬ್ಬಿಯ ಹೊರಗಿನದಲ್ಲ. ಒಳಗೆ ಎಲ್ಲಕ್ಕಿಂತ ತಡವಾಗಿ ಬಿಸಿಯಾಗುವ ಜಾಗದ್ದು. ಗಟ್ಟಿ ಪದಾರ್ಥವಾದರೆ ಅದು ನಟ್ಟನಡುವೆ. ತೆಳು ರಸವಾದರೆ ಕಾದದ್ದು ಮೇಲೇರಿ ಸುತ್ತುವುದರಿಂದ ಆ ಜಾಗ ನಡುವಿಗಿಂತ ಕೆಳಗೆ. ಬಿಸಿ ಅಳೆಯುವ ಥರ್ಮೋಕಪಲ್ ತಂತಿಯನ್ನು ಅಲ್ಲಿಗೇ ಚುಚ್ಚಬೇಕು. ಈಗ ಪಿಷ್ಟ ಹಾಕಿದ ಸೂಪ್ ತಗೊಳ್ಳಿ. ಶುರುವಿನಲ್ಲಿ ನೀರಾಗಿದ್ದು ಬೇಗ ಬೇಗ ಕಾಯುತ್ತದೆ. ನಡುವೆ ಪಿಷ್ಟ ಬೆಂದು ಮಂದವಾಗುತ್ತದೆ, ಒಳಗಿನ ಸುತ್ತಾಟ ನಿಲ್ಲುತ್ತದೆ, ಬಿಸಿ ಏರುವುದನ್ನು ತೋರಿಸುವ ಗ್ರಾಫಿನ ನೇರ ಗೆರೆ ಅಲ್ಲೇ ಮುರಿಯುತ್ತದೆ. ಮುರಿಯುವುದು ಎಲ್ಲಿ ಅಂತ ಮಾದರಿಗೆ ಗೊತ್ತಿಲ್ಲದಿದ್ದರೆ ಅದು ಹೇಳುವ ಸಮಯ ಸಾಲದೆ ಹೋಗುತ್ತದೆ. ಪಿಷ್ಟದ ಜಾತಿ ಬದಲಾದರೂ ಸಾಕು, ಲೆಕ್ಕ ಹೊಸದು.

ಡಬ್ಬಿಗಳನ್ನು ಬೇಯಿಸುವ ದೊಡ್ಡ ಪ್ರೆಶರ್ ಕುಕ್ಕರ್‌ನಂಥ ಯಂತ್ರಕ್ಕೆ ರಿಟಾರ್ಟ್ ಅಂತಾರೆ. ಡಬ್ಬಿಗಳನ್ನು ತಿರುಗಿಸುತ್ತಾ ಬೇಯಿಸುವ ರಿಟಾರ್ಟ್‌ನಲ್ಲಿ ಇನ್ನೊಂದು ತಲೆನೋವು. ಮುಚ್ಚಳದ ಕೆಳಗೆ ಬಿಟ್ಟ ಖಾಲಿ ಜಾಗವೇ ಗುಳ್ಳೆಯಾಗಿ ಓಡಾಡಿ ಒಳಗಿನದನ್ನು ಕಲಕುತ್ತದೆ. ಸ್ವಲ್ಪ ಜಾಸ್ತಿ ತುಂಬಿದರೆ ಗುಳ್ಳೆ ಚಿಕ್ಕದು, ಕಲಕುವುದೂ ಕಡಿಮೆ. ಗಿರಾಕಿಗೆ ಒಂದಿಷ್ಟು ಜಾಸ್ತಿಯೇ ಕೊಟ್ಟೆವು ಅಂತ ಮಾರಾಟದವರು ಖುಷಿಪಟ್ಟ ದಿನ ನನಗೆ ನಿದ್ದೆ ಬರಲ್ಲ.

ರುಚಿಗೂ ಸಮೀಕರಣ ಇದೆಯಾ? ಬರೆಯುವವರಿದ್ದಾರೆ. ನಾನು ಅಷ್ಟಾಗಿ ನಂಬುವುದಿಲ್ಲ. ರುಚಿ ನೋಡಲು ಜನರನ್ನೇ ಕೂರಿಸುತ್ತೇವೆ. ಉಪ್ಪು ಜಾಸ್ತಿ ಅಂತ ಅವರು ಅಂದರೆ ಜಾಸ್ತಿ, ನನ್ನದೇನೂ ತಕರಾರಿಲ್ಲ. ಇನ್ನೂ ಸ್ವಲ್ಪ ಮಂದ ಇರಲಿ ಅಂದರೆ ಮಾತ್ರ ನಾನು ಮತ್ತೆ ತಂತಿ ಹಿಡಿದು ರಿಟಾರ್ಟ್ ಹತ್ತಿರ ಹೋಗಬೇಕು.