ವೀಣೆ ಕಲಿತವಳು ಥೆರೆಮಿನ್ ಹಿಂದೆ ಯಾಕೆ ಬಿದ್ದೆ?

ಹಾಸನದ ನಮ್ಮ ಮನೆಗೆ ಬಂದವರು ಮೂಲೆಯಲ್ಲಿರುವ ಥೆರೆಮಿನ್ ಅನ್ನೋ ವಾದ್ಯದ ಪೆಟ್ಟಿಗೆ ನೋಡಿ, "ಇದೇನಮ್ಮಾ, ರೇಡಿಯೊನಾ?" ಅಂತಾರೆ. ನುಡಿಸಿ ತೋರಿಸಿದ ಮೇಲೆ ಇನ್ನೊಂದು ಪ್ರಶ್ನೆ ಬಂದೇ ಬರುತ್ತೆ: "ಅಷ್ಟು ವರ್ಷ ವೀಣೆ ಕಲ್ತು, ಮುಟ್ಟೋಕೇ ಏನೂ ಇಲ್ಲದ ಇದರ ಹಿಂದೆ ಯಾಕೆ ಬಿದ್ದೆ?" ನಿಂತ ಕಾಲಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಅದಕ್ಕೇ ಬರೆಯುತ್ತಿದ್ದೇನೆ.

ರೇಡಿಯೊ ಅಂದವರ ಊಹೆ ಸರಿಯಾಗಿಯೇ ಇದೆ. ರಷ್ಯಾದ ಲೆವ್ ಥೆರೆಮಿನ್ 1920ರ ಸುಮಾರಿಗೆ ರೇಡಿಯೊ ತಂತ್ರದಿಂದಲೇ ಇದನ್ನು ಮಾಡಿದ್ದು. ಒಳಗೆ ಎರಡು ಆಸಿಲೇಟರ್, ಅಂದರೆ ವಿದ್ಯುತ್ ಕಂಪನ ಹುಟ್ಟಿಸುವ ಸರ್ಕ್ಯೂಟ್, ಇವೆ. ಎರಡೂ ಸೆಕೆಂಡಿಗೆ 3 ಲಕ್ಷ ಸಲ ಕಂಪಿಸುತ್ತಿವೆ ಅಂದುಕೊಳ್ಳಿ. ಕಿವಿಗೆ ಏನೂ ಕೇಳುವುದಿಲ್ಲ. ನೆಟ್ಟಗೆ ನಿಂತ ಆಂಟೆನಾ ಹತ್ತಿರ ಬಲಗೈ ತಂದರೆ ಒಂದರ ಕಂಪನ ಚೂರು ತಗ್ಗುತ್ತೆ. 440 ತಗ್ಗಿತು ಅಂದರೆ, ಆ 440ರ ವ್ಯತ್ಯಾಸವೇ ಸ್ವರವಾಗಿ ಕೇಳುತ್ತೆ. ಕೈ ಹತ್ತಿರ ಹೋದಷ್ಟೂ ಸ್ವರ ಏರುತ್ತೆ. ಎಡಗೈ ಇರುವುದು ಪಕ್ಕದ ಬಳೆಯಂಥ ಆಂಟೆನಾ ಮೇಲೆ: ಎತ್ತಿದರೆ ಜೋರು, ಇಳಿಸಿದರೆ ಮೌನ.

ನಾನು ಮೊದಲು ಕೇಳಿದ್ದು ಕ್ಲಾರಾ ರಾಕ್‌ಮೋರ್ ನುಡಿಸಿದ ಹಳೇ ವಿಡಿಯೊ. ಪಿಟೀಲು ಕಲಿತು, ಕೈಯ ತೊಂದರೆಯಿಂದ ಅದನ್ನು ಬಿಟ್ಟು, ಥೆರೆಮಿನ್‌ಗೆ ಬಂದವರು. ಗಾಳಿಯಲ್ಲಿ ಬೆರಳು ಮಡಿಸಿ ಬಿಚ್ಚುತ್ತಾ ಒಂದೊಂದು ಸ್ವರವನ್ನೂ ಬಿಡಿಬಿಡಿಯಾಗಿ ನಿಲ್ಲಿಸುತ್ತಿದ್ದರು. ಅದನ್ನು ನೋಡುವಾಗ ನನ್ನ ಬೆರಳೂ ಸೆರಗಿನ ಮೇಲೆ ಅಲ್ಲಾಡುತ್ತಿತ್ತು.

ವೀಣೆಯಲ್ಲಿ 24 ಮೆಟ್ಟಿಲುಗಳಿವೆ. ತೋಡಿ ರಾಗದ ಗಾಂಧಾರ ಬೇಕೆಂದರೆ ತಂತಿ ಎಳೆಯುತ್ತೇನೆ. ಅದು ಬೆರಳನ್ನು ವಾಪಸ್ ಎಳೆಯುತ್ತೆ, ಎಷ್ಟು ಎಳೆದೆ ಅಂತ ಬೆರಳ ತುದಿಯ ಗೀರೇ ಹೇಳುತ್ತೆ. ಥೆರೆಮಿನ್‌ನಲ್ಲಿ ಆ ಆಸರೆ ಇಲ್ಲ. ಗಾಂಧಾರವನ್ನು ಗಾಳಿಯಲ್ಲೇ ತೂಗಬೇಕು, ಕಿವಿಯೊಂದನ್ನೇ ನಂಬಿ. ಗಮಕ, ಅಂದರೆ ಸ್ವರವನ್ನು ತೂಗಿ ಜಾರಿಸುವುದು, ಕಷ್ಟ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲ, ಜಾರುವುದು ಇದರ ಹುಟ್ಟುಗುಣ. ಕಷ್ಟವಿರುವುದು ಅಲ್ಲಾಡದ ಷಡ್ಜದಲ್ಲಿ. ಉಸಿರು ಎಳೆದುಕೊಂಡರೂ, ಮೈ ಸ್ವಲ್ಪ ಮುಂದೆ ವಾಲಿದರೂ ಶ್ರುತಿ ಏರುತ್ತೆ. ತಂಬೂರಿ ಹಾಕಿಕೊಂಡು ಬರೀ ಸ-ಪ-ಸ ನಿಲ್ಲಿಸುವುದಕ್ಕೇ ನನಗೆ ಮೂರು ತಿಂಗಳು ಹಿಡಿಯಿತು. ರುದ್ರಪಟ್ಟಣದಂಥ ಸಂಗೀತದ ಊರಿರುವ ಜಿಲ್ಲೆ ನಮ್ಮದು; ಶ್ರುತಿ ತಪ್ಪಿದ್ದನ್ನು ಇಲ್ಲಿ ಯಾರೂ ಹೊಸ ವಾದ್ಯ ಅಂತ ಮಾಫಿ ಮಾಡುವುದಿಲ್ಲ, ಮಾಡಲೂಬಾರದು.

ಆ ಮೂರು ತಿಂಗಳಲ್ಲೇ ನಾನು ಇದಕ್ಕೆ ಮನಸೋತದ್ದು. ವೀಣೆಯಲ್ಲಿ ಬೆರಳು ಮೆಟ್ಟಿಲು ಹುಡುಕುತ್ತಿತ್ತು, ಕಿವಿ ಹಿಂದಿನಿಂದ ಬರುತ್ತಿತ್ತು. ಈಗ ಸ್ವರ ಮೊದಲು ಮನಸ್ಸಿನಲ್ಲಿ ಹುಟ್ಟದಿದ್ದರೆ ಕೈಗೆ ಹೋಗಲು ಜಾಗವೇ ಇಲ್ಲ. ವೀಣೆ ಬಿಟ್ಟಿಲ್ಲ, ಬೆಳಗ್ಗೆ ಅದು, ಸಂಜೆ ಇದು. ವೀಣೆಯ ತೋಡಿಯೂ ಮುಂಚಿಗಿಂತ ಹದವಾಗಿ ಬರುತ್ತಿದೆ.

ಒಂದು ಸಂಜೆ ಪಂಚಮ ಹಿಡಿದು ನಿಂತಿದ್ದೆ, ಅದು ತಾನಾಗಿ ಮೇಲೇರತೊಡಗಿತು. ಕಣ್ಣು ಬಿಟ್ಟರೆ ಅಜ್ಜಿ ಕಾಫಿ ಲೋಟ ಹಿಡಿದು ಆಂಟೆನಾ ಪಕ್ಕದಲ್ಲೇ ನಿಂತಿದ್ದಾರೆ. "ನಾನೇನೂ ಮುಟ್ಲಿಲ್ಲ ಕಣೇ" ಅಂದರು. ಹಿಂದೆ ಸರಿದರೆ ಸ್ವರ ಇಳಿಯಿತು. ಲೋಟ ಮೇಜಿನ ಮೇಲಿಟ್ಟು, ಮತ್ತೆ ಒಂದು ಹೆಜ್ಜೆ ಮುಂದೆ ಬಂದು, ಕೈ ಚಾಚಿ ನೋಡಿದರು. ಈಗ ಬಾಗಿಲಲ್ಲೇ ನಿಂತು ಕೇಳುತ್ತಾರೆ: "ಪಂಚಮ ಮುಗೀತಾ, ಒಳಗೆ ಬರ್ಲಾ?"